ಆರಿದ್ರಾ ತೂಗಲು ರೋಹಿಣಿಯ ಕಲ್ಲು

ಕಲಬುರಗಿ ಗಂಜಿನಲ್ಲಿ ತೊಗರಿ ತೂಗುವುದನ್ನು ನೋಡಿದ್ದರೆ ನಕ್ಷತ್ರದ ಬೆಳಕು ಅಳೆಯುವ ಈ ಪಾಠ ನಿಮಗೆ ಅರ್ಧ ಬಂದಂತೆಯೇ. ಗೊತ್ತಿದ್ದ ಕಲ್ಲಿಟ್ಟು ತಕ್ಕಡಿ ನೋಡುತ್ತಾರೆ, ಚೀಲ ತೂಗುತ್ತಾರೆ, ಬಾರದಾನದ (ಖಾಲಿ ಚೀಲದ) ತೂಕ ಕಳೆಯುತ್ತಾರೆ. ದೂರದರ್ಶಕಕ್ಕೆ ಹಚ್ಚಿದ ಕ್ಯಾಮೆರಾ ಕೊಡುವುದೂ ಬರೀ ಎಣಿಕೆ. ಕಾಂತಿಮಾನ, ಅಂದರೆ ಮ್ಯಾಗ್ನಿಟ್ಯೂಡ್, ಮೊದಲೇ ಗೊತ್ತಿರುವ ನಕ್ಷತ್ರದ ಎದುರು ಇಟ್ಟಾಗಲೇ ಅದಕ್ಕೆ ಅರ್ಥ.

ನಾನು ಹಿಡಿದದ್ದು ಆರಿದ್ರಾ, ಅಂದರೆ ಬೀಟಲ್‌ಜೂಸ್. ಅದರ ಬೆಳಕು ಏರಿಳಿಯುತ್ತದೆ, ಸಾಮಾನ್ಯವಾಗಿ 0.5ರ ಆಸುಪಾಸು ಇರುವುದು 2020ರ ಫೆಬ್ರವರಿಯಲ್ಲಿ 1.6ರವರೆಗೆ ಮಂಕಾಗಿತ್ತು. ಕಲ್ಲಾಗಿ ರೋಹಿಣಿ, ಅಂದರೆ ಅಲ್ಡೆಬರಾನ್, ಕಾಂತಿಮಾನ 0.86. (ನಮ್ಮ ರೈತರಿಗೆ ಇವೆರಡೂ ಮಳೆಯ ಹೆಸರು. ಆರಿದ್ರಾ ಮಳೆಯ ದಿನಗಳಲ್ಲಿ ಸೂರ್ಯ ಅದೇ ದಿಕ್ಕಿನಲ್ಲಿರುವುದರಿಂದ ನಕ್ಷತ್ರ ಮಾತ್ರ ಕಾಣುವುದಿಲ್ಲ. ಚಳಿಗಾಲದವರೆಗೆ ಕಾಯಬೇಕು.)

ಲೆಕ್ಕ ಖಗೋಳಜ್ಞ ಪಾಗ್ಸನ್ 1856ರಲ್ಲಿ ಕೊಟ್ಟದ್ದು: 5 ಕಾಂತಿಮಾನದ ಅಂತರವೆಂದರೆ ಬೆಳಕಿನಲ್ಲಿ 100 ಪಟ್ಟು. ಸುತ್ತಲಿನ ಆಕಾಶದ ಬೆಳಕು ಕಳೆದ ಮೇಲೆ (ಇದೇ ನಮ್ಮ ಬಾರದಾನ) ನಕ್ಷತ್ರದ ಚಿತ್ರದ ಎಲ್ಲ ಬಿಂದುಗಳನ್ನೂ (ಪಿಕ್ಸೆಲ್) ಕೂಡಿಸಿ ರೋಹಿಣಿಗೆ 80,000, ಆರಿದ್ರೆಗೆ 1,00,000 ಎಣಿಕೆ ಬಂತೆನ್ನಿ. ಅನುಪಾತ 1.25, ಅದರ ಲಾಗ್ ಅನ್ನು 2.5ರಿಂದ ಗುಣಿಸಿದರೆ 0.24. ಆರಿದ್ರಾ 0.86 − 0.24 = 0.62. ಹೆಚ್ಚು ಬೆಳಕಿಗೆ ಕಡಿಮೆ ಅಂಕಿ, ಇಲ್ಲೇ ಎಲ್ಲರೂ ಒಮ್ಮೆ ಎಡವುತ್ತಾರೆ.

ತೊಡಕು ಇರುವುದು ಗಾಳಿಯಲ್ಲಿ. ನೆತ್ತಿಯ ಮೇಲಿನ ಗಾಳಿಯ ದಪ್ಪ 1 ಎಂದಾದರೆ, ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿ ಅದು 2. ತೊಗರಿ ರಾಶಿಯ ಧೂಳಿರುವ ರಾತ್ರಿ ಒಂದು ದಪ್ಪಕ್ಕೆ 0.3 ಮಾನ ನುಂಗಿತೆಂದರೂ, ಎರಡು ನಕ್ಷತ್ರಗಳ ನಡುವೆ ಅರ್ಧ ದಪ್ಪದ ವ್ಯತ್ಯಾಸವಿದ್ದರೆ 0.15 ತಪ್ಪುತ್ತದೆ. ಹಾಗಾದರೆ 7–8 ಡಿಗ್ರಿ ಆಚೆಗಿರುವ ಬೆಲ್ಲಾಟ್ರಿಕ್ಸ್ ನಕ್ಷತ್ರ ಬಿಟ್ಟು 21 ಡಿಗ್ರಿ ದೂರದ ರೋಹಿಣಿ ಏಕೆ? ಬೆಲ್ಲಾಟ್ರಿಕ್ಸ್ ನೀಲಿ, ಆರಿದ್ರಾ ಕೆಂಪು. ಗಾಳಿ ನೀಲಿಯನ್ನು ಹೆಚ್ಚು ಚದುರಿಸುತ್ತದೆ. ಕ್ಯಾಮೆರಾದ ಹಸಿರು ಸೋಸಕವೂ ಎರಡು ಬಣ್ಣಗಳನ್ನು ಒಂದೇ ರೀತಿ ಕಾಣುವುದಿಲ್ಲ. ರೋಹಿಣಿಯೂ ಕೆಂಪೇ. ದೂರದ ದೋಷಕ್ಕೆ ನಮ್ಮ ಅಕ್ಷಾಂಶವೇ ಮದ್ದು: 17 ಡಿಗ್ರಿ ಉತ್ತರದ ಕಲಬುರಗಿಯಲ್ಲಿ ರೋಹಿಣಿ ಹೆಚ್ಚುಕಡಿಮೆ ನೆತ್ತಿಗೇ ಬರುತ್ತದೆ, ಆರಿದ್ರಾ 80 ಡಿಗ್ರಿ ಏರುತ್ತದೆ. ಎರಡೂ ಮೇಲಿದ್ದಾಗ ದಪ್ಪ ಬಹುತೇಕ ಸಮ.

ಎರಡೂ ಒಂದೇ ಚಿತ್ರದಲ್ಲಿ ಹಿಡಿಸುವುದಿಲ್ಲ. ರೋಹಿಣಿ, ಆರಿದ್ರಾ, ಮತ್ತೆ ರೋಹಿಣಿ ಎಂದು ತಿರುಗಿಸಿ ತೆಗೆಯಿರಿ. ಎರಡು ರೋಹಿಣಿ ಎಣಿಕೆಗಳು ತಾಳೆಯಾಗದಿದ್ದರೆ ನಡುವೆ ಮೋಡ ಹಾದಿದೆ. ಮೊದಲ ರಾತ್ರಿ ಮಾಳಿಗೆಯ ಮೇಲೆ ನನಗೆ ಎರಡೂ ನಕ್ಷತ್ರಗಳ ನಡುಬಿಂದುವಿನ ಎಣಿಕೆ 16,383 ಎಂದೇ ಬಂತು, ಖುಷಿಯಾಗಿ ಬರೆದುಕೊಂಡೆ. 14 ಬಿಟ್ ಕ್ಯಾಮೆರಾ ಒಂದು ಬಿಂದುವಿನಲ್ಲಿ ಅದಕ್ಕಿಂತ ಮೇಲೆ ಎಣಿಸುವುದೇ ಇಲ್ಲ. ಈಗ ಫೋಕಸ್ ಸ್ವಲ್ಪ ಸಡಿಲಿಸಿ ಬೆಳಕು ಹರಡುವಂತೆ ಮಾಡುತ್ತೇನೆ.