ಆಥಾಸ್‌ಗೆ ಮತ್ತೆ ಜೀವ ಕೊಡೋದು ಯಾಕಿಷ್ಟು ಕಷ್ಟ?

ಮೇಜಿನ ಸುತ್ತ ಕೂತು, ದಾಳ ಎಸೆಯುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡುವ ಆಟ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಅದರ ಕಥೆಗಳು ನಡೆಯುವ ಹಳೇ ಕಾಲ್ಪನಿಕ ಲೋಕಗಳು ಒಂದೊಂದಾಗಿ ವಾಪಸ್ ಬರುತ್ತಿವೆ. ಸ್ಪೆಲ್‌ಜಾಮರ್, ಡ್ರ್ಯಾಗನ್‌ಲಾನ್ಸ್ 2022ರಲ್ಲಿ ಬಂದವು, ಪ್ಲೇನ್‌ಸ್ಕೇಪ್ 2023ರಲ್ಲಿ. ಹಳೇ ಆಟಗಾರರು ಜಾಸ್ತಿ ಕೇಳುವುದು ಮಾತ್ರ ಡಾರ್ಕ್ ಸನ್ ಬಗ್ಗೆ, ಅಂದರೆ ಆಥಾಸ್ ಎಂಬ ನೀರಿಲ್ಲದ ಮರುಭೂಮಿ ಲೋಕದ ಬಗ್ಗೆ. ಅದರ ದಾರಿ ಇಷ್ಟು ದೂರವಾದದ್ದು ಹೇಗೆ ಅಂತ ತಿಳಿಯಲು 1991ರಿಂದ ನೋಡಬೇಕು.

ಆ ವರ್ಷ, ಆಗ ಈ ಆಟದ ಪ್ರಕಾಶಕರಾಗಿದ್ದ ಟಿಎಸ್‌ಆರ್ ಕಂಪನಿ ಈ ಲೋಕದ ಬಾಕ್ಸ್ ಸೆಟ್ (ಪುಸ್ತಕ, ನಕ್ಷೆಗಳ ಪೆಟ್ಟಿಗೆ) ಹೊರತಂದಿತು. ವಿನ್ಯಾಸ ತಿಮೋತಿ ಬ್ರೌನ್ ಮತ್ತು ಟ್ರಾಯ್ ಡೆನ್ನಿಂಗ್ ಅವರದು. ಚಿತ್ರಕಾರ ಬ್ರಾಮ್ ಮೊದಲು ಚಿತ್ರ ಬಿಡಿಸುತ್ತಿದ್ದರು, ಅದನ್ನು ನೋಡಿ ವಿನ್ಯಾಸಕರು ಕಥೆ ಕಟ್ಟುತ್ತಿದ್ದರು. ಹಾಗಾಗಿಯೇ ಆಥಾಸ್ ಬೇರೆ ಯಾವ ಲೋಕದಂತೆಯೂ ಕಾಣುವುದಿಲ್ಲ. ಇಲ್ಲಿ ದೇವರಿಲ್ಲ. ಎಚ್ಚರವಿಲ್ಲದೆ ಮಂತ್ರ ಹಾಕಿದರೆ ಸುತ್ತಲಿನ ಗಿಡಮರಗಳ ಜೀವ ಹೋಗಿ ನೆಲ ಬೂದಿಯಾಗುತ್ತದೆ. ಲೋಹ ಸಿಗುವುದೇ ಅಪರೂಪ, ಆಯುಧಗಳೆಲ್ಲ ಮೂಳೆ, ಕಲ್ಲು, ಮರದವು. ನಗರಗಳನ್ನು ಆಳುವವರು ಮಾಂತ್ರಿಕ ರಾಜರು. ಪಾತ್ರಗಳು ಎಷ್ಟು ಸುಲಭವಾಗಿ ಸಾಯುತ್ತಿದ್ದವೆಂದರೆ, ಬದಲಿ ಪಾತ್ರಗಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ ಅಂತ ನಿಯಮವೇ ಹೇಳುತ್ತಿತ್ತು.

ಮೊದಲ ಪೆಟ್ಟು ಕಥೆಯಿಂದಲೇ ಬಿತ್ತು. ಆಟದ ಜೊತೆಗೇ ಬಂದ ಐದು ಕಾದಂಬರಿಗಳಲ್ಲಿ ದೊಡ್ಡ ದೊಡ್ಡ ಶತ್ರುಗಳೇ ಸತ್ತುಹೋದರು. 1995ರ ಪರಿಷ್ಕೃತ ಬಾಕ್ಸ್ ಸೆಟ್ ಅದನ್ನೆಲ್ಲ ಇತಿಹಾಸವಾಗಿ ಒಪ್ಪಿಕೊಂಡಿತು. ಮುಖ್ಯ ಕೆಲಸವನ್ನು ಕಾದಂಬರಿಯ ನಾಯಕರೇ ಮುಗಿಸಿದ ಮೇಲೆ ಮೇಜಿನ ಸುತ್ತ ಕೂತವರಿಗೆ ಏನು ಉಳಿಯಿತು? 1997ರಲ್ಲಿ ಟಿಎಸ್‌ಆರ್ ಅನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಕೊಂಡುಕೊಂಡಿತು. ಆಟದ ನಿಯಮಗಳ ಮೂರನೇ ಆವೃತ್ತಿಯ ಕಾಲದಲ್ಲಿ ಈ ಲೋಕವನ್ನು ಉಳಿಸಿದವರು ಹೆಚ್ಚಾಗಿ ಅಭಿಮಾನಿಗಳೇ.

ನನ್ನ ಪ್ರಕಾರ ನಿಜವಾದ ಪುನರುಜ್ಜೀವನ ಅಂದರೆ 2010ರದು. ನಾಲ್ಕನೇ ಆವೃತ್ತಿಯ ತಂಡ ಕಥೆಯನ್ನು ಹಿಂದಕ್ಕೆ ತಂದು, ಟೈರ್ ನಗರದ ಮಾಂತ್ರಿಕ ರಾಜ ಕಲಕ್ ಸತ್ತ ಸ್ವಲ್ಪ ಸಮಯದಲ್ಲೇ ನಿಲ್ಲಿಸಿತು. ಒಂದು ನಗರ ಈಗಷ್ಟೇ ಬಿಡುಗಡೆಯಾಗಿದೆ, ಉಳಿದವು ಇನ್ನೂ ಸಂಕೋಲೆಯಲ್ಲಿವೆ. ಆಟಗಾರರಿಗೆ ಕೈತುಂಬ ಕೆಲಸ.

ನಿಯಮಗಳಲ್ಲೂ ಅದೇ ಜಾಣತನವಿತ್ತು. ಹಳೇ ಆಟದಲ್ಲಿ ಮೂಳೆಯ ಆಯುಧ ಮುರಿಯುವುದು ಬರೀ ದಾಳದ ಕೈಯಲ್ಲಿತ್ತು. 2010ರಲ್ಲಿ ಅದು ಆಟಗಾರನ ಕೈಗೆ ಬಂತು. ಇಪ್ಪತ್ತು ಮುಖದ ದಾಳದಲ್ಲಿ 1 ಬಿದ್ದರೆ ಏಟು ತಪ್ಪಿತು ಅಂತ ಸುಮ್ಮನಾಗಬಹುದು. ಇಲ್ಲವೇ ಇನ್ನೊಮ್ಮೆ ದಾಳ ಎಸೆಯಬಹುದು, ಆದರೆ ಏಟು ಬಿದ್ದರೂ ತಪ್ಪಿದರೂ ಮೂಳೆಯ ಕತ್ತಿ ಮುರಿದೇ ಮುರಿಯುತ್ತದೆ. ಎದುರಿಗೆ ಶತ್ರು ನಿಂತಿರುವಾಗ ಈ ಲೆಕ್ಕ ಹಾಕುವುದಿದೆಯಲ್ಲ, ಆಥಾಸ್‌ನ ಬಡತನ ಅರ್ಥವಾಗುವುದು ಅಲ್ಲೇ. ನೆಲವನ್ನು ಬೂದಿ ಮಾಡುವ ಮಂತ್ರಕ್ಕೂ ಅದೇ ದಾರಿ: ಬಳಸಿದರೆ ನಿಮ್ಮ ಬಲ ಹೆಚ್ಚುತ್ತದೆ, ಹತ್ತಿರ ನಿಂತ ಗೆಳೆಯರಿಗೆ ನೋವಾಗುತ್ತದೆ.

ಐದನೇ ಆವೃತ್ತಿಯಲ್ಲಿ ತೊಡಕು ಬೇರೆ. ಆಥಾಸ್‌ನ ನಗರಗಳು ನಿಂತಿರುವುದೇ ಗುಲಾಮಗಿರಿಯ ಮೇಲೆ. ದುಡಿಸಲೆಂದೇ ಹುಟ್ಟಿಸುವ ಮುಲ್ ಎಂಬ ಜನಾಂಗವೂ ಅಲ್ಲಿದೆ. ಈ ಲೋಕದಲ್ಲಿ ಸಮಸ್ಯೆಗಳು ಬಹಳ ಇವೆ ಅಂತ ಆಟದ ಆಗಿನ ಕಾರ್ಯಕಾರಿ ನಿರ್ಮಾಪಕ ಕೈಲ್ ಬ್ರಿಂಕ್ 2023ರಲ್ಲಿ ಬಾಯಿಬಿಟ್ಟೇ ಹೇಳಿದರು. ಅವರ ಕಳವಳ ಸುಳ್ಳಲ್ಲ. ಹಳೇ ಪುಸ್ತಕಗಳಲ್ಲಿ ಗುಲಾಮಗಿರಿ ಎಷ್ಟೋ ಕಡೆ ಬರೀ ಹಿನ್ನೆಲೆಯ ಬಣ್ಣವಾಗಿ ಬರುತ್ತದೆ. ಆದರೆ ಟೈರ್‌ನ ಕಥೆ ಗುಲಾಮರು ಬಿಡುಗಡೆಯಾದ ಕಥೆಯೂ ಹೌದು, ಅಲ್ವಾ? ಅದನ್ನು ನಡುವಿಗೆ ತಂದು, ಮುಲ್‌ಗಳ ಮಾತನ್ನು ಮುಲ್‌ಗಳಿಂದಲೇ ಹೇಳಿಸಿದರೆ ಸಾಕಷ್ಟು ಸರಿಹೋಗುತ್ತದೆ. ಕ್ರೌರ್ಯವನ್ನೇ ಒರೆಸಿಹಾಕಿದರೆ ಎದುರಿಸಲು ಏನೂ ಉಳಿಯುವುದಿಲ್ಲ.

2025ರಲ್ಲಿ ವಿಝರ್ಡ್ಸ್ ಕಂಪನಿ ಸಯಾನ್ ಎಂಬ ಮನಶ್ಶಕ್ತಿಯ ಪಾತ್ರವರ್ಗವನ್ನು ಪ್ರಯೋಗಕ್ಕೆ ಬಿಟ್ಟಿತು. ಆಮೇಲೆ ಗ್ಲ್ಯಾಡಿಯೇಟರ್, ಮಾಂತ್ರಿಕ ರಾಜನ ಸೇವಕ ಇತ್ಯಾದಿ ಉಪವರ್ಗಗಳು ಬಂದವು. ಹೆಸರು ಹೇಳದಿದ್ದರೂ ಇದು ಯಾವ ಲೋಕ ಅಂತ ಅಭಿಮಾನಿಗಳಿಗೆ ಗೊತ್ತಾಯಿತು. ನಾನು ಮಾತ್ರ ಮೊದಲು ನೋಡುವುದು ನೀರಿನ ನಿಯಮವನ್ನು. ಈಗಿನ ಆಟದಲ್ಲಿ ಮೊದಲ ಹಂತದ ಒಂದೇ ಮಂತ್ರದಿಂದ ಸುಮಾರು 38 ಲೀಟರ್ ನೀರು ಬರುತ್ತದೆ. ಅದನ್ನು ಹಾಗೇ ಬಿಟ್ಟರೆ ಆಥಾಸ್‌ನಲ್ಲಿ ಯಾರಿಗೂ ಬಾಯಾರುವುದಿಲ್ಲ.