ಅಡುಗೆಮನೆಯ ಸಣ್ಣ ಜಿರಳೆಗಳು ಬಚ್ಚಲಿನ ಜಿರಳೆಗಳ ಮರಿಗಳೇ?

ಪ್ರಶ್ನೆ: ಬಚ್ಚಲಿನ ಮೋರಿಗೆ ಜಾಲರಿ ಹಾಕಿಸಿ, ಔಷಧಿ ಸುರಿದರೂ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ ಜಿರಳೆ ಮರಿಗಳು ಹೆಚ್ಚುತ್ತಲೇ ಇವೆ. ಏನು ಮಾಡಬೇಕು?

ಉತ್ತರ: ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೋ ಲೆಕ್ಕವಿಲ್ಲ, ಆದರೂ ಮತ್ತೊಮ್ಮೆ ಹೇಳುತ್ತೇನೆ, ಏಕೆಂದರೆ ಇಡೀ ತಪ್ಪು ‘ಮರಿಗಳು’ ಎಂಬ ಒಂದು ಮಾತಿನಲ್ಲೇ ಇದೆ. ಬಚ್ಚಲಿನಲ್ಲಿ ಓಡಾಡುವ, ಸುಮಾರು ನಾಲ್ಕು ಸೆಂ.ಮೀ. ಉದ್ದದ ಕೆಂಗಂದು ಬಣ್ಣದ್ದು ಅಮೆರಿಕನ್ ಜಿರಳೆ, ಒಂದೂವರೆ ಸೆಂ.ಮೀ.ನಷ್ಟೇ ಉದ್ದವಿರುವ, ಅಡುಗೆಮನೆಯ ತಿಳಿಗಂದು ಬಣ್ಣದ್ದು ಜರ್ಮನ್ ಜಿರಳೆ. ಎರಡೂ ಬೇರೆ ಬೇರೆ ಜಾತಿ. ಒಂದು ಬೆಳೆದು ಇನ್ನೊಂದಾಗುವುದಿಲ್ಲ.

ನಂಬಿಕೆ ಬರದಿದ್ದರೆ ಅಡುಗೆಮನೆಯಲ್ಲಿ ಸತ್ತುಬಿದ್ದ ಜಿರಳೆಯೊಂದನ್ನು ಬಿಳಿ ಹಾಳೆಯ ಮೇಲಿಟ್ಟು ಬೆಳಕಿನಲ್ಲಿ ನೋಡಿ. ತಲೆಯ ಹಿಂದೆ ಗುರಾಣಿಯಂಥ ಭಾಗದಲ್ಲಿ ಉದ್ದುದ್ದ ಎರಡು ಕಪ್ಪು ಗೆರೆಗಳು ಕಾಣುತ್ತವೆ. ಬೆನ್ನನ್ನು ರೆಕ್ಕೆಗಳು ಮುಚ್ಚಿವೆಯೇ ಗಮನಿಸಿ. ಕೊನೆಯ ಬಾರಿ ಪೊರೆ ಕಳಚಿದ ಮೇಲಷ್ಟೇ ಜಿರಳೆಗೆ ಪೂರ್ಣ ರೆಕ್ಕೆ ಬರುತ್ತದೆ, ಬಂದ ಮೇಲೆ ಅದು ಮತ್ತೆ ಬೆಳೆಯುವುದಿಲ್ಲ; ಆದ್ದರಿಂದ ಗಾತ್ರ ಎಷ್ಟೇ ಚಿಕ್ಕದಿರಲಿ, ಪೂರ್ಣ ರೆಕ್ಕೆಯಿದ್ದರೆ ಅದು ಬೆಳೆದು ನಿಂತ ಜಿರಳೆಯೇ. ಹೆಣ್ಣಾದರೆ ಹೊಟ್ಟೆಯ ತುದಿಯಲ್ಲಿ ಕಂದು ಬಣ್ಣದ ಮೊಟ್ಟೆಚೀಲವೂ ಇರಬಹುದು. ಅದರೊಳಗೆ 30ರಿಂದ 40 ಮೊಟ್ಟೆಗಳಿರುತ್ತವೆ, ಮರಿ ಹೊರಬರುವ ಹೊತ್ತು ಹತ್ತಿರವಾಗುವವರೆಗೂ ತಾಯಿ ಅದನ್ನು ಹೊತ್ತೇ ತಿರುಗುತ್ತದೆ. ಮೊಟ್ಟೆ ಹೊತ್ತದ್ದನ್ನು ಮರಿ ಎನ್ನಲು ಹೇಗೆ ಸಾಧ್ಯ?

ಮೋರಿಗೆ ಸುರಿದ ಔಷಧಿ ಅಡುಗೆಮನೆಯಲ್ಲಿ ಫಲ ಕೊಡದಿರುವುದು ಇದಕ್ಕೇ. ಜರ್ಮನ್ ಜಿರಳೆ ಬರುವುದು ದಿನಸಿಯ ರಟ್ಟಿನ ಪೆಟ್ಟಿಗೆಯಲ್ಲಿ, ಕೊಂಡು ತಂದ ಹಳೆಯ ಫ್ರಿಜ್ಜಿನಲ್ಲಿ, ಪೈಪುಗಳೂ ವಿದ್ಯುತ್ ತಂತಿಗಳೂ ಗೋಡೆ ಹೊಕ್ಕ ಸಂದಿಗಳ ಮೂಲಕ ಪಕ್ಕದ ಫ್ಲಾಟಿನಿಂದ. ಫ್ರಿಜ್ಜಿನ ಮೋಟರಿನ ಬೆಚ್ಚನೆಯ ಜಾಗ, ಮಿಕ್ಸಿಯ ಅಡಿ, ಕಪಾಟಿನ ಕೀಲುಗಳು ಅದರ ಹಗಲಿನ ಮನೆ. ಸ್ಪ್ರೇ ಹೊಡೆದರೆ ಉಳಿದವು ಚದುರಿ ಬೇರೆ ಸಂದಿ ಸೇರುತ್ತವೆ. ಬದಲಿಗೆ ಆ ಜಾಗಗಳಲ್ಲೇ ಜಿರಳೆ ಔಷಧಿಯ ಜೆಲ್ಲಿನ ಸಣ್ಣ ಚುಕ್ಕೆಗಳನ್ನಿಡಿ, ಸಂದಿಗಳನ್ನು ಮುಚ್ಚಿಸಿ, ಅಕ್ಕಪಕ್ಕದ ಮನೆಯವರೂ ಅದೇ ವಾರ ಅದನ್ನೇ ಮಾಡುವಂತೆ ಕೇಳಿಕೊಳ್ಳಿ.

ಇಷ್ಟು ಹೇಳಿದ ಮೇಲೆ ಆ ಹೆಸರಿನ ವಿಚಾರವನ್ನೂ ಹೇಳಲೇಬೇಕು. 1767ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಅಡುಗೆಮನೆಯ ಈ ಜಿರಳೆಗೆ ಜರ್ಮನಿಯ ಹೆಸರಿಟ್ಟರು. ಆದರೆ 17 ದೇಶಗಳ 281 ಜಿರಳೆಗಳ ವಂಶವಾಹಿಗಳನ್ನು ಹೋಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸುಮಾರು 2,100 ವರ್ಷಗಳ ಹಿಂದೆ ಭಾರತದಲ್ಲೋ ಮ್ಯಾನ್ಮಾರ್‌ನಲ್ಲೋ ಏಷ್ಯನ್ ಜಿರಳೆಯಿಂದ ಇದು ಕವಲೊಡೆಯಿತು. ಮುಂದೆ ವ್ಯಾಪಾರಿಗಳ ಸರಕಿನೊಂದಿಗೆ ಲೋಕವೆಲ್ಲ ಹಬ್ಬಿತು. ಬಚ್ಚಲಿನ ಅಮೆರಿಕನ್ ಜಿರಳೆಯ ಮೂಲವಾದರೋ ಆಫ್ರಿಕಾ.