ಡಿಶ್ ತಿರುಗುವುದಿಲ್ಲ, ಉಪಗ್ರಹವೇ ಬರಬೇಕು

ಮನೆ ಮೇಲಿನ ಟಿವಿ ಡಿಶ್ಶನ್ನು ಒಮ್ಮೆ ಹತ್ತಿರದಿಂದ ನೋಡಿ. ಹಿಂದುಗಡೆ ನಾಲ್ಕಾರು ನಟ್ಟು ಬೋಲ್ಟು ಇರುತ್ತವೆ. ಟೆಕ್ನಿಷಿಯನ್ ಬಂದವನು ಅದನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸುತ್ತಾನೆ. ಸಿಗ್ನಲ್ ಚೆನ್ನಾಗಿ ಸಿಕ್ಕ ಜಾಗದಲ್ಲಿ ಸ್ಪ್ಯಾನರ್ ಹಾಕಿ ಬಿಗಿ ಮಾಡಿ ಇಳಿದು ಹೋಗುತ್ತಾನೆ. ಅಲ್ಲಿಂದಾಚೆಗೆ ಆ ಡಿಶ್ ವರ್ಷಗಟ್ಟಲೆ ಒಂದೇ ಕಡೆ ನೋಡುತ್ತಿರುತ್ತದೆ. ಅದರ ಎದುರಿಗೆ, ಸಮಭಾಜಕದಿಂದ 35,786 ಕಿ.ಮೀ. ಎತ್ತರದಲ್ಲಿ, ಭೂಮಿಯ ಜೊತೆಗೇ ಸುತ್ತುತ್ತಾ ನಿಂತಲ್ಲೇ ನಿಂತಂತೆ ಕಾಣುವ ಒಂದು ಉಪಗ್ರಹ ಇರುತ್ತದೆ.

ಆ ಉಪಗ್ರಹ ಕೆಟ್ಟರೆ? ಹತ್ತಿ ರಿಪೇರಿ ಮಾಡುವ ಮಾತೇ ಇಲ್ಲ. ಬೇರೆ ಉಪಗ್ರಹ ಬರಬೇಕು. ಅದೂ ಎಲ್ಲೋ ಬಂದರೆ ಸಾಲದು, ಅದೇ ಜಾಗಕ್ಕೆ ಬರಬೇಕು. ಅದೇ ತರಂಗಾಂತರ ಹಿಡಿಯಬೇಕು, ಅದೇ ನೆಲಕ್ಕೆ ಸಿಗ್ನಲ್ ಸುರಿಯಬೇಕು. ಇಲ್ಲದಿದ್ದರೆ ಲಕ್ಷಾಂತರ ಮನೆಗಳ ಮೇಲೆ ಮತ್ತೆ ಸ್ಪ್ಯಾನರ್ ಹತ್ತಬೇಕಾಗುತ್ತದೆ. ಟಿವಿ ಉಪಗ್ರಹಗಳ ಬ್ಯಾಕಪ್ ಯೋಜನೆಯ ಕಷ್ಟವೆಲ್ಲ ಇಲ್ಲೇ ಇದೆ. ಈ ಪಾಠವನ್ನು ಕಂಪನಿಗಳು ಪುಸ್ತಕ ಓದಿ ಕಲಿಯಲಿಲ್ಲ, ಉಪಗ್ರಹ ಕಳೆದುಕೊಂಡೇ ಕಲಿತವು.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1979ರಲ್ಲಿ. ಅಮೆರಿಕದ ಕೇಬಲ್ ಚಾನೆಲ್‌ಗಳು ಆಗ ಆರ್‌ಸಿಎ ಕಂಪನಿಯ ಸ್ಯಾಟ್‌ಕಾಮ್-1ರ ಮೇಲೆ ನಡೆಯುತ್ತಿದ್ದವು. ಅದರಲ್ಲಿ ಜಾಗ ಸಾಲದು ಅಂತ ಡಿಸೆಂಬರ್ 6ರಂದು ಸ್ಯಾಟ್‌ಕಾಮ್-3 ಹಾರಿತು. ರಾಕೆಟ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ನಾಲ್ಕು ದಿನ ಬಿಟ್ಟು, ಉಪಗ್ರಹವನ್ನು ಅಂತಿಮ ಕಕ್ಷೆಗೆ ಒಯ್ಯುವ ಮೋಟಾರು ಹೊತ್ತಿಸಿದಾಗ ಸಂಪರ್ಕವೇ ಕಡಿದುಹೋಯಿತು. ಇನ್ನೂ ಶುರುವೇ ಆಗದಿದ್ದ ಸಿಎನ್‌ಎನ್ ಅನ್ನುವ ಸುದ್ದಿ ಚಾನೆಲ್ ಆ ಉಪಗ್ರಹವನ್ನೇ ನಂಬಿಕೊಂಡು ಕೂತಿತ್ತು. ಅದರ ಸ್ಥಾಪಕ ಟೆಡ್ ಟರ್ನರ್ ಕೋರ್ಟಿಗೆ ಹೋದರು. ಸ್ಯಾಟ್‌ಕಾಮ್-1ರಲ್ಲಿ ತಾತ್ಕಾಲಿಕವಾಗಿ ಜಾಗ ದಕ್ಕಿಸಿಕೊಂಡರು. ಚಾನೆಲ್ 1980ರ ಜೂನ್ 1ರಂದು ಶುರುವಾಯಿತು. ಅಂದರೆ ಅವತ್ತಿನ ಬ್ಯಾಕಪ್ ಯೋಜನೆ ಒಬ್ಬ ವಕೀಲ, ಅಷ್ಟೇ.

1984ರಲ್ಲಿ ವೆಸ್ಟಾರ್-6 ಮತ್ತು ಪಾಲಾಪಾ ಬಿ-2 ಅನ್ನುವ ಎರಡು ಉಪಗ್ರಹಗಳೂ ಕಕ್ಷೆ ತಪ್ಪಿದವು. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಶಟಲ್ ನೌಕೆಯ ಗಗನಯಾತ್ರಿಗಳು ಹೋಗಿ ಎರಡನ್ನೂ ಹಿಡಿದು ತಂದರು. ರಿಪೇರಿಯಾದ ವೆಸ್ಟಾರ್-6 ಮುಂದೆ ಏಷ್ಯಾಸ್ಯಾಟ್-1 ಅನ್ನುವ ಹೆಸರಲ್ಲಿ 1990ರಲ್ಲಿ ಮತ್ತೆ ಹಾರಿತು. ಸ್ಟಾರ್ ಟಿವಿ ಏಷ್ಯಾದ ಮನೆಗಳಿಗೆ ಬಂದದ್ದು ಅದರ ಮೂಲಕವೇ! ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಆದರೆ ಪ್ರತಿ ಸಲ ಹಾಗೆ ಹಿಡಿದು ತರಲು ಆಗುವುದಿಲ್ಲ.

ಯುರೋಪಿನಲ್ಲಿ ಎಸ್‌ಇಎಸ್ ಕಂಪನಿ ಹಿಡಿದ ದಾರಿ ಬೇರೆ. 1988ರ ಡಿಸೆಂಬರ್‌ನಲ್ಲಿ ಅಸ್ಟ್ರಾ 1ಎ, 19.2 ಡಿಗ್ರಿ ಪೂರ್ವ ರೇಖಾಂಶದ ಮೇಲಿನ ಜಾಗಕ್ಕೆ ಹೊರಟಿತು. 1991ರಲ್ಲಿ 1ಬಿ ಅನ್ನು ಅದರ ಪಕ್ಕಕ್ಕೇ ತಂದು ನಿಲ್ಲಿಸಿದರು. ಆಮೇಲೆ 1ಸಿ, 1ಡಿ, ಹೀಗೆ ಒಂದರ ಮಗ್ಗುಲಲ್ಲಿ ಒಂದು. ನೆಲದ ಮೇಲಿನ ಡಿಶ್ಶಿಗೆ ಇವೆಲ್ಲ ಸೇರಿ ಒಂದೇ ಚುಕ್ಕಿ. ಒಂದು ಮಲಗಿದರೆ ಪಕ್ಕದ್ದು ಅದರ ಚಾನೆಲ್‌ಗಳನ್ನು ಎತ್ತಿಕೊಳ್ಳಬಹುದು. ವೀಕ್ಷಕ ಕುರ್ಚಿಯಿಂದ ಏಳಬೇಕಿಲ್ಲ. ಈ ಇಡೀ ಕಥೆಯಲ್ಲಿ ಇದಕ್ಕಿಂತ ಜಾಣ ಯೋಚನೆ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. 2002ರ ನವೆಂಬರ್‌ನಲ್ಲಿ ಐದು ಟನ್ನಿಗೂ ಜಾಸ್ತಿ ತೂಕದ ಅಸ್ಟ್ರಾ 1ಕೆ ಪ್ರೋಟಾನ್ ರಾಕೆಟ್ಟಿನ ದೋಷದಿಂದ ಕೆಳಗಿನ ಕಕ್ಷೆಯಲ್ಲೇ ಸಿಕ್ಕಿಕೊಂಡಿತು. ಕೊನೆಗೆ ಅದನ್ನು ಪೆಸಿಫಿಕ್ ಸಾಗರದ ಮೇಲೆ ಬೀಳಿಸಬೇಕಾಯಿತು. ಆಗಲೂ ಹಳೆಯ ಬಳಗ ಅಲ್ಲೇ ನಿಂತಿತ್ತು.

ಅಕ್ಕಪಕ್ಕ ಬಳಗ ಇಲ್ಲದವರ ಪಾಡು ಏನು? ಭಾರತದ ಅನುಭವವನ್ನೇ ನೋಡಿ. 2006ರ ಜುಲೈ 10ರಂದು ಇನ್ಸಾಟ್-4ಸಿ ಹೊತ್ತ ಜಿಎಸ್‌ಎಲ್‌ವಿ ರಾಕೆಟ್ ಹಾರಿದ ಸುಮಾರು ಒಂದು ನಿಮಿಷಕ್ಕೇ ದಾರಿ ತಪ್ಪಿತು, ಬಂಗಾಳ ಕೊಲ್ಲಿಗೆ ಬಿತ್ತು. ಡಿಟಿಎಚ್‌ಗೆ ಬೇಕಾಗಿದ್ದ, ಕೆಯು-ಬ್ಯಾಂಡ್ ಅನ್ನುವ ತರಂಗಪಟ್ಟಿಯ 12 ಟ್ರಾನ್ಸ್‌ಪಾಂಡರ್‌ಗಳು (ಸಿಗ್ನಲ್ ಹಿಡಿದು ಮತ್ತೆ ನೆಲಕ್ಕೆ ಕಳಿಸುವ ಉಪಕರಣಗಳು) ಅದರ ಜೊತೆಗೇ ಹೋದವು. ಅದರದೇ ಪಡಿಯಚ್ಚಿನಂಥ 4ಸಿಆರ್ ಹಾರಲು 2007ರ ಸೆಪ್ಟೆಂಬರ್ ಆಯಿತು. ಹದಿನಾಲ್ಕು ತಿಂಗಳಲ್ಲಿ ಅಷ್ಟು ಮಾಡಿದ್ದು ಸಣ್ಣ ಕೆಲಸವೇನಲ್ಲ. ಆದರೂ ಅಷ್ಟೂ ದಿನ ಆ ಸಾಮರ್ಥ್ಯ ಇಲ್ಲದೆ ದಿನ ತಳ್ಳಬೇಕಾಯಿತು.

2010ರ ಜುಲೈನಲ್ಲಿ ಬಂದ ತೊಂದರೆ ಇನ್ನೂ ಕಠಿಣ. 93.5 ಡಿಗ್ರಿ ಪೂರ್ವದಲ್ಲಿದ್ದ ಇನ್ಸಾಟ್-4ಬಿಯ ಎರಡು ಸೌರಫಲಕಗಳಲ್ಲಿ ಒಂದರ ವಿದ್ಯುತ್ ಕೈಕೊಟ್ಟಿತು. ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳನ್ನು ಆಫ್ ಮಾಡಬೇಕಾಯಿತು. ಅದನ್ನು ಬಳಸುತ್ತಿದ್ದ ಸನ್ ಡೈರೆಕ್ಟ್, 91.5 ಡಿಗ್ರಿಯಲ್ಲಿದ್ದ ಮೀಸ್ಯಾಟ್-3 ಅನ್ನುವ ಮಲೇಷ್ಯಾದ ಉಪಗ್ರಹಕ್ಕೆ ಹೋಯಿತು. ಬರೀ ಎರಡು ಡಿಗ್ರಿ, ಅಲ್ವಾ? ಮೇಲಿನ ಕಕ್ಷೆಯಲ್ಲಿ ಅದು ಸುಮಾರು 1,470 ಕಿ.ಮೀ. ಸಣ್ಣ ಡಿಶ್ಶಿಗೆ ಎರಡು ಡಿಗ್ರಿ ತಪ್ಪಿದರೂ ಸಿಗ್ನಲ್ ಕುಸಿಯುತ್ತದೆ. ಹಾಗಾಗಿ ಮನೆ ಮನೆಯ ಡಿಶ್ಶನ್ನೂ ಮತ್ತೆ ತಿರುಗಿಸಬೇಕಾಯಿತು. ಬ್ಯಾಕಪ್ ಸಿಕ್ಕಿತು, ಆದರೆ ಜಾಗ ಬೇರೆಯಾಗಿತ್ತು.

ಆ ಮೀಸ್ಯಾಟ್-3 ಸಹ 2021ರ ಜೂನ್‌ನಲ್ಲಿ ಕೆಟ್ಟಿತು. ಆದರೆ ಅದೇ 91.5 ಡಿಗ್ರಿಯಲ್ಲಿ 3ಎ ಮತ್ತು 3ಬಿ ನಿಂತಿದ್ದವು. ಹೆಚ್ಚಿನ ಚಾನೆಲ್‌ಗಳನ್ನು ಅಲ್ಲಿಗೆ ಎತ್ತಿ ಹಾಕಲಾಯಿತು. ಅವುಗಳಿಗೆ ಡಿಶ್ ಮುಟ್ಟುವ ಗೋಜೇ ಇಲ್ಲ. ಒಂದು ವರ್ಷದ ಮೇಲೆ ಮೀಸ್ಯಾಟ್-3ಡಿ ಹಾರಿದಾಗ, ಅದೇ ಏರಿಯಾನ್-5 ರಾಕೆಟ್ಟಿನಲ್ಲಿ ಜೊತೆಗಿದ್ದದ್ದು ಭಾರತದ ಜಿಸ್ಯಾಟ್-24. ಅದರ 24 ಟ್ರಾನ್ಸ್‌ಪಾಂಡರ್‌ಗಳನ್ನೂ ಟಾಟಾ ಪ್ಲೇ ಮೊದಲೇ ಪೂರ್ತಿಯಾಗಿ ಗುತ್ತಿಗೆ ಹಿಡಿದಿತ್ತು.

ಇಷ್ಟೆಲ್ಲ ಕಲಿತ ಮೇಲೆ ಉಡಾವಣೆಯ ಸುತ್ತ ಒಂದು ಕ್ರಮ ಬಂದಿದೆ. ಹೊಸದು ಮೇಲೆ ಹೋಗಿ ಪರೀಕ್ಷೆ ಮುಗಿಸುವ ತನಕ ಹಳೆಯದನ್ನು ಕದಲಿಸುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಹೊಸದನ್ನು ಹಳೆಯದರ ಪಕ್ಕಕ್ಕೆ ತಂದು, ಚಾನೆಲ್‌ಗಳನ್ನು ಕಂತು ಕಂತಾಗಿ ವರ್ಗಾಯಿಸುತ್ತಾರೆ. ಪರದೆ ಒಂದು ಕ್ಷಣ ಕಪ್ಪಾಗಬಹುದು, ಅಷ್ಟೇ. ಕೆಲಸ ಬಿಟ್ಟುಕೊಟ್ಟ ಹಳೆಯ ಉಪಗ್ರಹ ಸ್ಪೇರ್ ಆಗುತ್ತದೆ. ಕೇಳಲು ಸುಲಭ. ಆದರೆ ಹಳೆಯದರ ಇಂಧನ ದಿನವೂ ಕರಗುತ್ತಿರುತ್ತದೆ. ರಾಕೆಟ್ ಆರು ತಿಂಗಳು ತಡವಾದರೆ ಆ ಆರು ತಿಂಗಳು ಅದರ ಲೆಕ್ಕದಲ್ಲಿ ಇರಬೇಕು. ಈಗ ಬರುವ ಕೆಲವು ಉಪಗ್ರಹಗಳು ಪೂರ್ತಿ ವಿದ್ಯುತ್ ಎಂಜಿನ್ನಿನಿಂದಲೇ ಕಕ್ಷೆ ಏರುತ್ತವೆ. ತೂಕ ಉಳಿಯುತ್ತದೆ, ಆದರೆ ಜಾಗ ಸೇರಲು ತಿಂಗಳುಗಟ್ಟಲೆ ಬೇಕು. ಅದನ್ನೂ ಕೂಡಿಸಿಕೊಳ್ಳಬೇಕು.

ಏನೂ ಇಲ್ಲದವರು ಬಾಡಿಗೆಗೆ ಹುಡುಕುತ್ತಾರೆ. 2016ರ ಸೆಪ್ಟೆಂಬರ್ 1ರಂದು ಇಸ್ರೇಲಿನ ಅಮೋಸ್-6, ಹಾರುವುದಕ್ಕೆ ಎರಡು ದಿನ ಮೊದಲೇ, ರಾಕೆಟ್ಟಿಗೆ ಇಂಧನ ತುಂಬುವಾಗ ಸ್ಫೋಟದಲ್ಲಿ ಸುಟ್ಟುಹೋಯಿತು. ವಯಸ್ಸಾದ ಅಮೋಸ್-2ರ ಜಾಗ ತುಂಬಬೇಕಿದ್ದ ಉಪಗ್ರಹ ಅದು. ಅದರ ಕಂಪನಿ ಏಷ್ಯಾಸ್ಯಾಟ್-8 ಅನ್ನುವ ಉಪಗ್ರಹವನ್ನು ನಾಲ್ಕು ವರ್ಷಕ್ಕೆ 8.8 ಕೋಟಿ ಡಾಲರ್ ಕೊಟ್ಟು ಬಾಡಿಗೆಗೆ ತೆಗೆದುಕೊಂಡಿತು. 105.5 ಡಿಗ್ರಿ ಪೂರ್ವದಿಂದ 4 ಡಿಗ್ರಿ ಪಶ್ಚಿಮದ ತನಕ, ಕಕ್ಷೆಯ ಇಡೀ ಸುತ್ತಿನ ಸುಮಾರು ಮೂರನೇ ಒಂದು ಭಾಗದಷ್ಟು ದೂರ, ಅದನ್ನು ಸರಿಸಿ ತಂದರು. ದುಬಾರಿ ಬಾಡಿಗೆ ಹೌದು. ಆದರೆ ನೆಲದ ಮೇಲೆ ಒಂದು ಡಿಶ್ಶೂ ತಿರುಗಬೇಕಾಗಿರಲಿಲ್ಲ.

ಸ್ಪೇರ್ ಅಂತ ಇಟ್ಟದ್ದಕ್ಕೂ ವಯಸ್ಸಾಗುತ್ತದೆ. ಅಮೆರಿಕದ ಡಿಟಿಎಚ್ ಕಂಪನಿ ಡೈರೆಕ್‌ಟಿವಿಯ ಸ್ಪೇಸ್‌ವೇ-1 ಹಾರಿದ್ದು 2005ರಲ್ಲಿ. ಅಲಾಸ್ಕಾ ಕಡೆಯ ಸೇವೆಗೆ ಬ್ಯಾಕಪ್ ಆಗಿ ಅದನ್ನು ಇಟ್ಟುಕೊಂಡಿದ್ದರು. 2019ರ ಡಿಸೆಂಬರ್‌ನಲ್ಲಿ ಅದರ ಬ್ಯಾಟರಿ ಬಿಸಿಯಿಂದ ಹಾಳಾಯಿತು. ಸೂರ್ಯನ ಬೆಳಕು ಇರುವ ತನಕ ಚಿಂತೆ ಇರಲಿಲ್ಲ. ಆದರೆ ಫೆಬ್ರವರಿ 25ರಿಂದ ಗ್ರಹಣದ ಕಾಲ ಶುರುವಾಗುತ್ತಿತ್ತು. ಉಪಗ್ರಹ ದಿನಾ ಸ್ವಲ್ಪ ಹೊತ್ತು ಭೂಮಿಯ ನೆರಳಿಗೆ ಬಂದರೆ ಬ್ಯಾಟರಿ ಬಳಸಲೇಬೇಕು. ಬಳಸಿದರೆ ಸಿಡಿಯುವ ಭಯ. ಇದ್ದ ಇಂಧನವನ್ನು ಪೂರ್ತಿ ಹೊರಹಾಕಲೂ ಸಮಯ ಸಾಲದು. ಅನುಮತಿ ಪಡೆದು ಅದನ್ನು ಬೇರೆ ಉಪಗ್ರಹಗಳ ದಾರಿ ಬಿಟ್ಟು, ಇದ್ದ ಕಕ್ಷೆಗಿಂತ 300 ಕಿ.ಮೀ. ಮೇಲಕ್ಕೆ ಏರಿಸುವುದೊಂದೇ ದಾರಿ ಉಳಿದಿತ್ತು. ಬರೀ ಬ್ಯಾಕಪ್ ಆಗಿದ್ದರಿಂದ ಯಾರ ಮನೆಯ ಟಿವಿಯೂ ನಿಲ್ಲಲಿಲ್ಲ.